‘ಡಬ್ಲ್ಯುಎಚ್‌ಒ ಹೇಳಿದೆ’ ಎಂದು ಬರೆಯುವ ಮುನ್ನ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ವಿಶ್ವ ಆರೋಗ್ಯ ಸಂಸ್ಥೆಯ ಹೆಸರನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬಳಸುವುದು ಹೇಗೆ ಎಂಬುದು ಒಂದು ಗಂಟೆ ಮಾತಾಡುವಷ್ಟು ದೊಡ್ಡ ವಿಷಯವೇ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರಿಗಾದರೂ ಅನ್ನಿಸಿರಬೇಕು. ಕಾಗುಣಿತದ ಪ್ರಶ್ನೆಯಷ್ಟೇ ಆಗಿದ್ದರೆ ಐದು ನಿಮಿಷ ಸಾಕಿತ್ತು. ಆದರೆ ಸುದ್ದಿಮನೆಯ ಡೆಸ್ಕಿನಲ್ಲಿ ಆರೋಗ್ಯದ ಸುದ್ದಿಗಳನ್ನು ತಿದ್ದುತ್ತ ಬಂದ ನನಗೆ ಕಂಡದ್ದು ಇಷ್ಟು: ಈ ಹೆಸರಿನ ಅಕ್ಷರ ತಪ್ಪಾದರೆ ಯಾರಿಗೂ ನಷ್ಟವಿಲ್ಲ, ಆದರೆ ಅದರ ಪಕ್ಕದಲ್ಲಿ ಕೂರಿಸುವ ಕ್ರಿಯಾಪದ ತಪ್ಪಾದರೆ ಔಷಧಿಯ ಅಂಗಡಿಯಿಂದ ಅಡಿಕೆ ಮಂಡಿಯವರೆಗೆ ಅದರ ಬಿಸಿ ತಟ್ಟುತ್ತದೆ. ಹಾಗಾಗಿ ಅಕ್ಷರದ ಮಾತನ್ನು ಬೇಗ ಮುಗಿಸಿ, ಕ್ರಿಯಾಪದದ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ.

‘ಆರ್ಗನೈಸೇಷನ್’ ಎಂದು ಬರೆಯುವಾಗ ನಡುವೆ ‘ಎಸ್’ ಹಾಕಬೇಕೋ ‘ಝಡ್’ ಹಾಕಬೇಕೋ? ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿತವರ ಕೈ ತಾನಾಗಿಯೇ ‘ಎಸ್’ ಬರೆಯುತ್ತದೆ. ‘ಝಡ್’ ಕಂಡರೆ ಅದು ಅಮೆರಿಕದವರ ಚಾಳಿ ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಈ ಸಂಸ್ಥೆಯ ಹೆಸರಿನಲ್ಲಿರುವುದು ಮಾತ್ರ ‘ಝಡ್’. 1946ರ ಜುಲೈ 22ರಂದು ನ್ಯೂಯಾರ್ಕಿನಲ್ಲಿ 61 ದೇಶಗಳ ಪ್ರತಿನಿಧಿಗಳು ಸಹಿ ಹಾಕಿದ ಅದರ ಸಂವಿಧಾನದಲ್ಲೇ ಹಾಗಿದೆ. ಅದು ಜಾರಿಗೆ ಬಂದದ್ದು 1948ರ ಏಪ್ರಿಲ್ 7ರಂದು. ನಾವು ಆಚರಿಸುವ ವಿಶ್ವ ಆರೋಗ್ಯ ದಿನ ಆ ತಾರೀಖಿನದೇ.

ಹಾಗಾದರೆ ಈ ಸಂಸ್ಥೆಯ ಇಂಗ್ಲಿಷ್ ಅಮೆರಿಕದ್ದೇ? ಅಲ್ಲ. ಅದರ ಪ್ರಕಟಣೆಗಳನ್ನು ತೆರೆದು ನೋಡಿ. ‘ಪ್ರೋಗ್ರಾಮ್’ ಎಂಬ ಪದದ ಕೊನೆಗೆ ಎರಡು ‘ಎಂ’ ಮತ್ತು ಒಂದು ‘ಇ’ ಇರುತ್ತದೆ. ‘ಸೆಂಟರ್’ ಪದ ‘ಆರ್‌ಇ’ಯಲ್ಲಿ ಮುಗಿಯುತ್ತದೆ. ಅತಿಸಾರಕ್ಕೂ ಮಕ್ಕಳ ವೈದ್ಯಕ್ಕೂ ಬ್ರಿಟಿಷರು ಇಡುವ ಹೆಚ್ಚುವರಿ ಸ್ವರಗಳು ತಪ್ಪದೆ ಇರುತ್ತವೆ. ಇದು ಆಕ್ಸ್‌ಫರ್ಡ್ ನಿಘಂಟಿನವರ ರೂಢಿ: ಗ್ರೀಕ್ ಮೂಲದ ಪ್ರತ್ಯಯ ಇರುವಲ್ಲಿ ‘ಝಡ್’, ಉಳಿದದ್ದೆಲ್ಲ ಬ್ರಿಟಿಷ್. ‘ಅನಲೈಸ್’ ಎಂಬಲ್ಲಿ ಆ ಪ್ರತ್ಯಯ ಇಲ್ಲ, ಅದಕ್ಕೇ ಅಲ್ಲಿ ‘ಎಸ್’ ಉಳಿಯುತ್ತದೆ. 1945ರ ವಿಶ್ವಸಂಸ್ಥೆಯ ಸನ್ನದು ಇದೇ ಬರವಣಿಗೆಯನ್ನು ಹಿಡಿಯಿತು, ಅದರ ಬೆನ್ನಿಗೆ ಹುಟ್ಟಿದ ಸಂಸ್ಥೆಗಳೂ ಹಿಡಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಹೆಸರಿನಲ್ಲಿ ‘ಲೇಬರ್’ಗೆ ಬ್ರಿಟಿಷರ ‘ಯು’ ಇದೆ, ‘ಆರ್ಗನೈಸೇಷನ್’ಗೆ ‘ಝಡ್’ ಇದೆ. ಪ್ಯಾರಿಸ್‌ನಲ್ಲಿರುವ ಆರ್ಥಿಕ ಸಹಕಾರದ ಸಂಸ್ಥೆ ಒಇಸಿಡಿ ಮಾತ್ರ ‘ಎಸ್’ ಇಟ್ಟುಕೊಂಡಿದೆ. ನಮ್ಮ ಬೆಂಗಳೂರಿನ ಇಸ್ರೊ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭವಿಷ್ಯನಿಧಿಯ ಇಪಿಎಫ್‌ಒ, ಎಲ್ಲವೂ ‘ಎಸ್’.

ಒಂದೇ ವರದಿಯಲ್ಲಿ ಇಸ್ರೊ ಮತ್ತು ಡಬ್ಲ್ಯುಎಚ್‌ಒ ಎರಡರ ಪೂರ್ಣ ಹೆಸರೂ ಬಂದರೆ ಒಂದಕ್ಕೆ ‘ಎಸ್’, ಇನ್ನೊಂದಕ್ಕೆ ‘ಝಡ್’ ಎಂದಾಯಿತು. ಏಕರೂಪತೆಯ ಹುಚ್ಚು ಹಿಡಿದ ಉಪಸಂಪಾದಕರಿಗೆ ಇದು ಕಣ್ಣಿಗೆ ಬಿದ್ದ ಮರಳು. ಆದರೆ ಅಂಕಿತನಾಮಕ್ಕೆ ನಮ್ಮ ಮನೆಯ ಕಾಗುಣಿತ ಅನ್ವಯಿಸುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಒಂದು ‘ಎಚ್’ ಇದ್ದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದು ಇಲ್ಲದ ಶ್ರೀನಿವಾಸರನ್ನು ಕೇಳಿ, ಹೆಸರಿನ ಅಕ್ಷರವನ್ನು ಬೇರೆಯವರು ತಿದ್ದಿದರೆ ಏನಾಗುತ್ತದೆ ಎಂದು ಅವರು ಹೇಳುತ್ತಾರೆ.

ಇನ್ನು ಕೆಲವು ಸಣ್ಣ ಸಂಗತಿಗಳು. ಪೂರ್ಣ ಹೆಸರಿನ ಮುಂದೆ ‘ದಿ’ ಎಂಬ ಉಪಪದ ಬೇಕು. ಸಂಕ್ಷಿಪ್ತ ರೂಪದ ಮುಂದೆ ಬೇಡ ಎನ್ನುವುದು ಸಂಸ್ಥೆಯ ಸ್ವಂತ ಕ್ರಮ, ಬೇಕು ಎನ್ನುವುದು ಬಹಳಷ್ಟು ಬ್ರಿಟಿಷ್ ಪತ್ರಿಕೆಗಳ ಕ್ರಮ. ಯಾವುದನ್ನು ಬೇಕಾದರೂ ಹಿಡಿಯಿರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ಉಪಪದ ಹಚ್ಚಿ, ಮೂರಕ್ಷರವನ್ನು ಒಂದೇ ಉಸಿರಿಗೆ ‘ಹೂ’ ಎಂದು ಓದಿದರೆ 1960ರ ದಶಕದ ಲಂಡನ್ನಿನ ರಾಕ್ ತಂಡವೊಂದರ ನೆನಪಾಗುತ್ತದೆ, ಅವರ ಗಿಟಾರುಗಳಿಗೂ ಸಾರ್ವಜನಿಕ ಆರೋಗ್ಯಕ್ಕೂ ಸಂಬಂಧವಿಲ್ಲ. ಈ ಸಂಸ್ಥೆಯವರು ತಮ್ಮನ್ನು ಕರೆದುಕೊಳ್ಳುವುದು ಅಕ್ಷರ ಬಿಡಿಸಿ: ಡಬ್ಲ್ಯು, ಎಚ್, ಒ. ಯುನಿಸೆಫ್, ಯುನೆಸ್ಕೊ ಎಂದು ಪದದಂತೆ ಓದುವ ಹೆಸರುಗಳಿಗೆ ಲಂಡನ್ನಿನ ಕೆಲವು ಪತ್ರಿಕೆಗಳು ಮೊದಲ ಅಕ್ಷರವನ್ನಷ್ಟೇ ದೊಡ್ಡದಾಗಿ ಬರೆಯುತ್ತವೆ. ಇದಕ್ಕೆ ಹಾಗೆ ಮಾಡಿದರೆ ‘ಯಾರು’ ಎಂಬ ಪ್ರಶ್ನಾರ್ಥಕವೇ ಆಗಿಬಿಡುತ್ತದೆ. ಮಹಾನಿರ್ದೇಶಕರ ಇಂಗ್ಲಿಷ್ ಪದನಾಮದ ನಡುವೆ ಅಡ್ಡಗೆರೆ ಇದೆ. ದೆಹಲಿಯಲ್ಲಿರುವ ಪ್ರಾದೇಶಿಕ ಕಚೇರಿಯ ಹೆಸರಿನ ‘ಸೌತ್-ಈಸ್ಟ್’ ನಡುವೆಯೂ ಇದೆ. ಆರು ಪ್ರಾದೇಶಿಕ ಕಚೇರಿಗಳಲ್ಲಿ ಮೊದಲು, 1948ರಲ್ಲೇ, ಹುಟ್ಟಿದ್ದು ಈ ದೆಹಲಿಯ ಕಚೇರಿ. ನಾವು ಭೂಪಟದಲ್ಲಿ ದಕ್ಷಿಣ ಏಷ್ಯಾದವರು, ಈ ಸಂಸ್ಥೆಯ ಕಡತದಲ್ಲಿ ಆಗ್ನೇಯ ಏಷ್ಯಾದವರು. ಪಾಕಿಸ್ತಾನ ಪೂರ್ವ ಮೆಡಿಟರೇನಿಯನ್ ವಲಯದಲ್ಲಿದೆ. ಪ್ರಾದೇಶಿಕ ಅಂಕಿ-ಅಂಶಗಳನ್ನು ಉಲ್ಲೇಖಿಸುವಾಗ ಈ ಗಡಿಗಳನ್ನು ಮರೆತರೆ ಲೆಕ್ಕವೇ ಕೆಡುತ್ತದೆ.

ಅಕ್ಷರದ ಮಾತು ಮುಗಿಯಿತು. ಹೆಸರಿನ ಮೊದಲ ಪದದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದರಲ್ಲಿ ಒಂದು ರಾಜಕೀಯ ನಿರ್ಧಾರ ಅಡಗಿದೆ.

1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪುಗೊಳ್ಳುತ್ತಿದ್ದಾಗ ಆರೋಗ್ಯಕ್ಕೊಂದು ಸಂಸ್ಥೆ ಬೇಕೆಂದು ಪಟ್ಟು ಹಿಡಿದವರು ಚೀನಾದ ಝೆಮಿಂಗ್ ಝೆ, ಬ್ರೆಜಿಲ್‌ನ ಜೆರಾಲ್ಡೊ ಡಿ ಪೌಲಾ ಸೋಝಾ ಮತ್ತು ನಾರ್ವೆಯ ಕಾರ್ಲ್ ಎವಾಂಗ್. ಮೂವರೂ ವೈದ್ಯರು. ಮರುವರ್ಷದ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಸಿದ್ಧತಾ ಸಮಿತಿ ಕೂತು ಕರಡು ಬರೆಯಿತು. ಹೊಸ ಸಂಸ್ಥೆಯನ್ನು ‘ವಿಶ್ವಸಂಸ್ಥೆಯ ಆರೋಗ್ಯ ಸಂಸ್ಥೆ’ ಎಂದು ಕರೆಯುವುದು ಸುಲಭವಿತ್ತು. ಹಾಗೆ ಕರೆದಿದ್ದರೆ ವಿಶ್ವಸಂಸ್ಥೆಯಲ್ಲಿ ಇಲ್ಲದ ದೇಶಗಳು ಹೊರಗುಳಿದಂತೆ ಕಾಣುತ್ತಿದ್ದವು. ಕಾಲರಾ, ಸಿಡುಬುಗಳಿಗೆ ಸದಸ್ಯತ್ವದ ಗೊಡವೆ ಇಲ್ಲವಲ್ಲ. ಹೀಗೆ ‘ವರ್ಲ್ಡ್’ ನಿಂತಿತು. ಅದರ ಫಲ ನೋಡಿ: ಸಂಸ್ಥೆಯ ಪ್ರಧಾನ ಕಚೇರಿ ಇರುವ ಜಿನೀವಾ ಸ್ವಿಟ್ಜರ್ಲೆಂಡಿನದು, ಆ ದೇಶ 1947ರಿಂದಲೇ ಇದರ ಸದಸ್ಯ, ಆದರೆ ವಿಶ್ವಸಂಸ್ಥೆಯನ್ನು ಸೇರಿದ್ದು 2002ರಲ್ಲಿ. ಜಪಾನ್ ಮತ್ತು ಪಶ್ಚಿಮ ಜರ್ಮನಿ 1951ರಲ್ಲೇ ಇಲ್ಲಿ ಬಂದವು, ವಿಶ್ವಸಂಸ್ಥೆಗೆ ಹೋದದ್ದು ಜಪಾನ್ 1956ರಲ್ಲಿ, ಜರ್ಮನಿ 1973ರಲ್ಲಿ. ಇಂದಿಗೂ ಪೆಸಿಫಿಕ್ಕಿನ ಕುಕ್ ದ್ವೀಪಗಳು ಮತ್ತು ನಿಯೂ ಈ ಸಂಸ್ಥೆಯ ಸದಸ್ಯರು, ವಿಶ್ವಸಂಸ್ಥೆಯ ಸದಸ್ಯರಲ್ಲ.

ಆದ್ದರಿಂದ ಇದನ್ನು ವಿಶ್ವಸಂಸ್ಥೆಯ ಒಂದು ಇಲಾಖೆ ಎಂದು ಬರೆಯುವುದು ತಪ್ಪು. ಇದು ವಿಶ್ವಸಂಸ್ಥೆಯ ಪರಿವಾರದ ವಿಶೇಷ ಸಂಸ್ಥೆ, ತನ್ನದೇ ಸಂವಿಧಾನ, ತನ್ನದೇ ಸಭೆ, ತನ್ನದೇ ಸದಸ್ಯರ ಪಟ್ಟಿ ಉಳ್ಳದ್ದು. ಯುನಿಸೆಫ್ ಹಾಗಲ್ಲ, ಅದು ವಿಶ್ವಸಂಸ್ಥೆಯ ಮಹಾಸಭೆಯ ಕೂಸು. ಅಂದಹಾಗೆ, ನಮ್ಮ ಹಳೆಯ ಪಠ್ಯಪುಸ್ತಕಗಳು ಕಲಿಸಿದ ‘ಯುಎನ್‌ಒ’ ಎಂಬ ಹೆಸರು ಸನ್ನದಿನಲ್ಲಿ ಇಲ್ಲ. ಅಲ್ಲಿರುವುದು ‘ಯುನೈಟೆಡ್ ನೇಷನ್ಸ್’ ಎಂಬ ಎರಡೇ ಪದ. ಕೊನೆಯ ‘ಒ’ ರೂಢಿಯಿಂದ ಬಂದ ಬಾಲ.

ಈಗ ಕ್ರಿಯಾಪದ. ‘ಡಬ್ಲ್ಯುಎಚ್‌ಒ ಹೇಳಿದೆ’ ಎಂಬ ವಾಕ್ಯದಲ್ಲಿ ಹೇಳಿದವರು ಯಾರು?

ಪ್ರತಿ ವರ್ಷ ಮೇ ತಿಂಗಳ ಸುಮಾರಿಗೆ ಜಿನೀವಾದಲ್ಲಿ ಸದಸ್ಯ ದೇಶಗಳೆಲ್ಲ ಸೇರಿ ವಿಶ್ವ ಆರೋಗ್ಯ ಸಭೆ ನಡೆಸುತ್ತವೆ, ನಿರ್ಣಯಗಳನ್ನು ಅಂಗೀಕರಿಸುತ್ತವೆ. ನಿಜವಾದ ಅರ್ಥದಲ್ಲಿ ಸಂಸ್ಥೆ ಎಂದರೆ ಅದು. ಅದರ ಕೆಳಗೆ 34 ಜನರ ಕಾರ್ಯಕಾರಿ ಮಂಡಳಿ. ನಂತರ ಮಹಾನಿರ್ದೇಶಕರು ಮತ್ತು ಅವರ ಸಚಿವಾಲಯ. ಇವರು ಹೊರಗಿನ ತಜ್ಞರ ಸಮಿತಿಗಳನ್ನು ಕರೆಯುತ್ತಾರೆ, ಆ ಸಮಿತಿಗಳು ವರದಿ ಕೊಡುತ್ತವೆ. ಅಂಥ ವರದಿಗಳಲ್ಲಿ, ಇದು ತಜ್ಞರ ಅಭಿಪ್ರಾಯ, ಸಂಸ್ಥೆಯ ತೀರ್ಮಾನವೋ ನೀತಿಯೋ ಆಗಿರಬೇಕಾಗಿಲ್ಲ ಎಂಬ ಅರ್ಥದ ಒಂದು ಸಾಲು ಅಚ್ಚಾಗಿರುತ್ತದೆ. ಆ ಸಾಲನ್ನು ಓದುವವರು ಕಡಿಮೆ. ಸಂಸ್ಥೆ ನಡೆಸುವ ‘ಬುಲೆಟಿನ್’ ಎಂಬ ಪತ್ರಿಕೆಯಲ್ಲಿ ಯಾವುದೋ ವಿಶ್ವವಿದ್ಯಾಲಯದ ಸಂಶೋಧಕರು ಲೇಖನ ಬರೆದರೆ ಅದು ಆ ಲೇಖಕರ ಮಾತು. ನಮ್ಮ ಡೆಸ್ಕಿಗೆ ಬರುವಾಗ ಸಮಿತಿ, ಲೇಖಕ, ಸಚಿವಾಲಯ, ಎಲ್ಲರೂ ಮೂರಕ್ಷರದೊಳಗೆ ಕರಗಿ ಹೋಗಿರುತ್ತಾರೆ.

ಕರ್ನಾಟಕದವರಿಗೆ ಇದರ ಹತ್ತಿರದ ಉದಾಹರಣೆ ಅಡಿಕೆ. ಶಿವಮೊಗ್ಗ, ಶಿರಸಿ, ಪುತ್ತೂರುಗಳ ಕಡೆ ಯಾವ ಬೆಳೆಗಾರರ ಸಭೆಗೆ ಹೋದರೂ ‘ಅಡಿಕೆ ಕ್ಯಾನ್ಸರ್‌ಕಾರಕ ಎಂದು ಡಬ್ಲ್ಯುಎಚ್‌ಒ ಹೇಳಿದೆ’ ಎಂಬ ಮಾತು ಒಮ್ಮೆಯಾದರೂ ಏಳುತ್ತದೆ, ಅದರ ಹಿಂದೆಯೇ ಆಕ್ರೋಶವೂ ಏಳುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು, ಆಕ್ರೋಶ ಸಹಜ. ಹೇಳಿದವರು ಯಾರೆಂದು ನೋಡೋಣ. ಫ್ರಾನ್ಸಿನ ಲಿಯಾನ್ ನಗರದಲ್ಲಿ 1965ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಇದೆ, ಐಎಆರ್‌ಸಿ ಅಥವಾ ‘ಐಆರ್ಕ್’ ಎನ್ನುತ್ತಾರೆ. ಅದು ತಜ್ಞರ ತಂಡಗಳನ್ನು ಕೂರಿಸಿ, ಯಾವ ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂಬ ಪುರಾವೆಗಳನ್ನು ತೂಗಿ, ಸಂಪುಟಗಳಾಗಿ ಹೊರತರುತ್ತದೆ. 1985ರ ಸಂಪುಟದಲ್ಲಿ ತಂಬಾಕು ಹಾಕಿದ ಕವಳ ಕ್ಯಾನ್ಸರ್ ತರುತ್ತದೆ ಎಂದಿತ್ತು, ತಂಬಾಕಿಲ್ಲದ ಕವಳದ ಬಗ್ಗೆ ತೀರ್ಮಾನಕ್ಕೆ ಬರುವಷ್ಟು ಪುರಾವೆ ಇಲ್ಲ ಎಂದಿತ್ತು. 2003ರಲ್ಲಿ ಮತ್ತೊಂದು ತಂಡ ಕೂತಿತು. ಅಷ್ಟರಲ್ಲಿ ಹೊಸ ಅಧ್ಯಯನಗಳು ಬಂದಿದ್ದವು. 2004ರಲ್ಲಿ ಪ್ರಕಟವಾದ 85ನೆಯ ಸಂಪುಟದಲ್ಲಿ ತಂಬಾಕಿಲ್ಲದ ಕವಳವೂ, ಅಡಿಕೆಯೂ 1ನೇ ಗುಂಪಿಗೆ ಸೇರಿದವು.

ಇಲ್ಲಿ ಎರಡೂ ಕಡೆಯವರು ಹೆಸರನ್ನು ಕೆಡಿಸುತ್ತಾರೆ. ಸುದ್ದಿ ಬರೆಯುವವರು ಲಿಯಾನ್ ಎಂಬ ಊರನ್ನೇ ಬಿಟ್ಟು, ಜಿನೀವಾದಲ್ಲಿ ಯಾರೋ ಅಡಿಕೆಯ ಮೇಲೆ ನಿಷೇಧದ ಆಜ್ಞೆ ಹೊರಡಿಸಿದಂತೆ ಬರೆಯುತ್ತಾರೆ. ಬೆಳೆಗಾರರ ಪರ ಮಾತಾಡುವವರಲ್ಲಿ ಕೆಲವರು, ಅದು ಡಬ್ಲ್ಯುಎಚ್‌ಒ ಅಲ್ಲವೇ ಅಲ್ಲ, ಯಾವುದೋ ಏಜೆನ್ಸಿ ಎಂದು ತಳ್ಳಿಹಾಕುತ್ತಾರೆ. ಐಆರ್ಕ್‌ಗೆ ತನ್ನದೇ ಆಡಳಿತ ಮಂಡಳಿ ಇದೆ, ನಿಜ. ಆದರೆ ಅದು ವಿಶ್ವ ಆರೋಗ್ಯ ಸಂಸ್ಥೆಯದೇ ಕ್ಯಾನ್ಸರ್ ಏಜೆನ್ಸಿ, ವಿಶ್ವ ಆರೋಗ್ಯ ಸಭೆಯ ನಿರ್ಣಯದಿಂದಲೇ ಹುಟ್ಟಿದ್ದು. ಇನ್ನು ಆ ಗುಂಪಿನ ಸಂಖ್ಯೆ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದು ಬೇರೆ ಲೆಕ್ಕ. 1ನೇ ಗುಂಪಿನಲ್ಲಿ ತಂಬಾಕಿನ ಹೊಗೆ ಇದೆ, ಮದ್ಯ ಇದೆ, ಕಲ್ನಾರು ಇದೆ, ಸೂರ್ಯನ ಬಿಸಿಲೂ ಇದೆ. ಇವೆಲ್ಲದರ ಅಪಾಯದ ಪ್ರಮಾಣ ಒಂದೇ ಎಂದು ಯಾರೂ ಹೇಳಿಲ್ಲ. ಹಾಗಂತ ಅಡಿಕೆಯ ಪುರಾವೆ ಸಡಿಲ ಎಂದು ನಾನು ಹೇಳಿದೆನೆಂದು ನಾಳೆ ಯಾರೂ ಬರೆಯಬಾರದು. ಸರಿಯಾದ ವಾಕ್ಯ ಸ್ವಲ್ಪ ಉದ್ದವಾಗುತ್ತದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಕರೆದ ತಜ್ಞರ ತಂಡ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ. ಶೀರ್ಷಿಕೆಗೆ ಇದು ಹಿಡಿಸುವುದಿಲ್ಲ, ಗೊತ್ತು. ಸುದ್ದಿಯ ಮೊದಲ ಪ್ಯಾರಾಕ್ಕೆ ಹಿಡಿಸುತ್ತದೆ.

ಶೀರ್ಷಿಕೆಯ ಆತುರ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2023ರ ಜುಲೈ 14 ಒಳ್ಳೆಯ ಉದಾಹರಣೆ. ಸಕ್ಕರೆ ಬದಲಿಗೆ ಬಳಸುವ ಆಸ್ಪರ್ಟೇಮ್ ಬಗ್ಗೆ ಅಂದು ಎರಡು ತೀರ್ಮಾನಗಳು ಒಟ್ಟಿಗೆ ಹೊರಬಿದ್ದವು. ಐಆರ್ಕ್ ಅದನ್ನು ‘ಬಹುಶಃ ಸಾಧ್ಯ’ ಎನ್ನುವ 2ಬಿ ಗುಂಪಿಗೆ ಹಾಕಿತು. ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆಗೂಡಿ ನಡೆಸುವ ಇನ್ನೊಂದು ತಜ್ಞ ಸಮಿತಿ, ದಿನಕ್ಕೆ ದೇಹತೂಕದ ಪ್ರತಿ ಕಿಲೊಗೆ 40 ಮಿಲಿಗ್ರಾಂವರೆಗೆ ಸೇವಿಸಬಹುದು ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲ ಎಂದಿತು. ಮೂರೇ ಅಕ್ಷರ ಬರೆದು ಮುಗಿಸಿದವರಿಗೆ ಒಂದೇ ಸಂಸ್ಥೆ ಒಂದೇ ದಿನ ಎರಡು ನಾಲಿಗೆಯಲ್ಲಿ ಮಾತಾಡಿದಂತೆ ಕಂಡಿತು. ಒಬ್ಬರು ತೂಗಿದ್ದು ಪುರಾವೆಯನ್ನು, ಇನ್ನೊಬ್ಬರು ತೂಗಿದ್ದು ಪ್ರಮಾಣವನ್ನು.

ಕೋವಿಡ್ ಕಾಲದಲ್ಲಿ ಈ ಗೊಂದಲಕ್ಕೆ ಮಿತಿಯೇ ಇರಲಿಲ್ಲ. 2020ರ ಮಾರ್ಚ್ 11ರಂದು ಸಂಸ್ಥೆ ಸಾಂಕ್ರಾಮಿಕವನ್ನು ‘ಘೋಷಿಸಿತು’ ಎಂದು ನಾವೆಲ್ಲ ಬರೆದಿದ್ದೇವೆ. ಆ ದಿನ ಮಹಾನಿರ್ದೇಶಕರು ಪತ್ರಿಕಾಗೋಷ್ಠಿಯಲ್ಲಿ, ಈಗಿನ ಸ್ಥಿತಿಯನ್ನು ಜಾಗತಿಕ ಸಾಂಕ್ರಾಮಿಕ ಎಂದು ಬಣ್ಣಿಸಬಹುದು ಎಂದರು. ಕಾನೂನಿನ ಬಲವಿರುವ ಘೋಷಣೆ ಅದಕ್ಕೂ ಮೊದಲೇ, ಜನವರಿ 30ರಂದು, ಆಗಿಹೋಗಿತ್ತು: ಅಂತರರಾಷ್ಟ್ರೀಯ ಕಳವಳದ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯಡಿ ಮಹಾನಿರ್ದೇಶಕರಿಗೆ ಆಗ ಇದ್ದ ದೊಡ್ಡ ಗಂಟೆ ಅದೊಂದೇ. ಅದು ಬಾರಿಸಿದಾಗ ಹೆಚ್ಚಿನವರು ತಿರುಗಿ ನೋಡಲಿಲ್ಲ. ಆರು ವಾರ ಕಳೆದು ಬಂದ ಒಂದು ವಿಶೇಷಣಕ್ಕೆ ಜಗತ್ತು ಬೆಚ್ಚಿತು.

ಅದೇ ಜನವರಿ 14ರ ಒಂದು ಟ್ವೀಟ್ ಇನ್ನೂ ಕಾಡುತ್ತದೆ. ಚೀನಾದ ಅಧಿಕಾರಿಗಳ ಪ್ರಾಥಮಿಕ ತನಿಖೆಯಲ್ಲಿ, ಸೋಂಕು ಮನುಷ್ಯರಿಂದ ಮನುಷ್ಯರಿಗೆ ಹರಡುವುದಕ್ಕೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ ಎಂಬುದು ಅದರ ಸಾರ. ವಾಕ್ಯದ ಕರ್ತೃಗಳು ಚೀನಾದ ಅಧಿಕಾರಿಗಳು. ಓದಿದವರ ಮನಸ್ಸಿನಲ್ಲಿ ಉಳಿದದ್ದು, ‘ಹರಡುವುದಿಲ್ಲ ಎಂದು ಡಬ್ಲ್ಯುಎಚ್‌ಒ ಹೇಳಿತು’ ಎಂದು. ಓದಿದವರದೊಂದೇ ತಪ್ಪು ಎಂದು ನಾನು ಹೇಳಲಾರೆ. ಇನ್ನೊಬ್ಬರ ಮಾತನ್ನು ತನ್ನ ಲಾಂಛನದ ಕೆಳಗೆ ಹಂಚಿದರೆ ಅದು ತನ್ನ ಮಾತಾಗಿಯೇ ಕೇಳಿಸುತ್ತದೆ ಎಂಬ ಎಚ್ಚರ, ಹೆಸರಿನ ಬಳಕೆಯ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿರುವ ಸಂಸ್ಥೆಗೆ ಇರಬೇಕಿತ್ತು.

ಆ ವರ್ಷದ ಏಪ್ರಿಲ್ಲಿನಲ್ಲಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಲಾಕ್‌ಡೌನ್ ವೇಳಾಪಟ್ಟಿ ನೆನಪಿದೆಯೇ? ಇಷ್ಟು ದಿನ ಬಂದ್, ಮತ್ತೆ ಐದು ದಿನ ಬಿಡುವು, ಮತ್ತೆ ಬಂದ್. ಅದು ‘ಡಬ್ಲ್ಯುಎಚ್‌ಒ ಪ್ರೋಟೊಕಾಲ್’ ಅಂತೆ. ಲಾಕ್‌ಡೌನ್‌ಗೆ ತಮ್ಮಲ್ಲಿ ಯಾವ ಪ್ರೋಟೊಕಾಲೂ ಇಲ್ಲ, ಇದು ಸುಳ್ಳು ಎಂದು ದೆಹಲಿಯ ಪ್ರಾದೇಶಿಕ ಕಚೇರಿಯೇ ಹೇಳಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ ‘ಭಾರತದ ತಳಿ’ ಎಂಬ ಮಾತು ಸಂಸ್ಥೆಯದೆಂದು ಹಬ್ಬಿದಾಗ, ಅದರ 32 ಪುಟಗಳ ದಾಖಲೆಯಲ್ಲಿ ಆ ಪದವೇ ಇಲ್ಲ ಎಂದು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ತಿದ್ದಿತು. ಮೇ 31ರಂದು ಅದಕ್ಕೆ ‘ಡೆಲ್ಟಾ’ ಎಂದು ಹೆಸರು ಬಂತು.

ಈಗ ಫಾರ್ಮಸಿ ವಿದ್ಯಾರ್ಥಿಗಳ ಕಡೆ ತಿರುಗುತ್ತೇನೆ. ‘ಡಬ್ಲ್ಯುಎಚ್‌ಒ ಅನುಮೋದಿತ’ ಎಂಬ ಮಾತನ್ನು ನೀವು ವೃತ್ತಿಯಲ್ಲಿ ದಿನವೂ ಕೇಳುತ್ತೀರಿ. ಈ ಸಂಸ್ಥೆ ಯಾವ ದೇಶದಲ್ಲೂ ಔಷಧಿಗೆ ಲೈಸೆನ್ಸ್ ಕೊಡುವುದಿಲ್ಲ. ಕೊಡುವುದು ಆಯಾ ದೇಶದ ನಿಯಂತ್ರಕರು, ನಮ್ಮಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಮತ್ತು ರಾಜ್ಯದ ಔಷಧ ನಿಯಂತ್ರಣ ಇಲಾಖೆ. ಸಂಸ್ಥೆ ಮಾಡುವುದು ‘ಪೂರ್ವಾರ್ಹತೆ’ ಪರಿಶೀಲನೆ, ಲಸಿಕೆಗಳಿಗೆ 1987ರಿಂದ, ಔಷಧಿಗಳಿಗೆ 2001ರಿಂದ. ಯುನಿಸೆಫ್‌ನಂಥವರು ಖರೀದಿಸುವಾಗ ನಂಬಬಹುದಾದ ಪಟ್ಟಿ ಅದು. ತುರ್ತು ಕಾಲಕ್ಕೆ ‘ತುರ್ತು ಬಳಕೆಯ ಪಟ್ಟಿ’ ಎಂಬ ಇನ್ನೊಂದು ದಾರಿ ಇದೆ. ಕೋವಿಶೀಲ್ಡ್ 2021ರ ಫೆಬ್ರವರಿ 15ರಂದು ಆ ಪಟ್ಟಿ ಸೇರಿತು, ಕೋವ್ಯಾಕ್ಸಿನ್ ನವೆಂಬರ್ 3ರಂದು. ಎರಡಕ್ಕೂ ನಮ್ಮ ನಿಯಂತ್ರಕರ ಅನುಮತಿ ಸಿಕ್ಕಿದ್ದು ಆ ಜನವರಿಯ ಮೊದಲ ವಾರವೇ. ಈ ನಡುವೆ ‘ಡಬ್ಲ್ಯುಎಚ್‌ಒ ಅನುಮತಿ ಇಲ್ಲದ ಲಸಿಕೆ’ ಎಂಬ ಶೀರ್ಷಿಕೆಗಳು ಬಂದಾಗ, ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಗಾಬರಿಯಾದರು. ವಿದೇಶ ಪ್ರಯಾಣಕ್ಕೆ ತೊಡಕಾದದ್ದು ನಿಜ, ಏಕೆಂದರೆ ಹಲವು ದೇಶಗಳು ಆ ಪಟ್ಟಿಯನ್ನು ನೋಡಿ ಬಾಗಿಲು ತೆರೆಯುತ್ತಿದ್ದವು. ಆದರೆ ‘ಪಟ್ಟಿಗೆ ಸೇರಿಲ್ಲ’ ಎನ್ನುವುದು ‘ಅನುಮತಿ ಇಲ್ಲ’ ಆಗುವಾಗ ಲಸಿಕೆಯ ಗುಣದ ಮೇಲೆಯೇ ಅನುಮಾನ ಬೀಳುತ್ತದೆ.

ಪೀಣ್ಯದ, ಜಿಗಣಿಯ ಔಷಧ ಕಾರ್ಖಾನೆಗಳ ಕೈಪಿಡಿಗಳಲ್ಲಿ ‘ಡಬ್ಲ್ಯುಎಚ್‌ಒ-ಜಿಎಂಪಿ ಸರ್ಟಿಫೈಡ್’ ಎಂಬ ಸಾಲು ಕಾಣುವುದುಂಟು. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಜಿನೀವಾದವರಲ್ಲ. 1969ರಲ್ಲಿ ವಿಶ್ವ ಆರೋಗ್ಯ ಸಭೆ ರಫ್ತಿನ ಔಷಧಿಗಳಿಗಾಗಿ ಒಂದು ಪ್ರಮಾಣಪತ್ರ ಯೋಜನೆ ಮಾಡಿತು. ಆ ನಮೂನೆಯ ಪ್ರಕಾರ, ಸಂಸ್ಥೆಯ ಉತ್ತಮ ತಯಾರಿಕಾ ಕ್ರಮದ ಮಾರ್ಗಸೂಚಿ ಪಾಲನೆಯಾಗುತ್ತಿದೆ ಎಂದು ತಪಾಸಣೆ ನಡೆಸಿ ಪತ್ರ ಕೊಡುವವರು ನಮ್ಮದೇ ಔಷಧ ಇಲಾಖೆಯವರು. ಮಾರ್ಗಸೂಚಿ ಅವರದು, ತಪಾಸಣೆ ಇವರದು, ಹೊಣೆಯೂ ಇವರದು. ಕಳಪೆ ಔಷಧಿ ಹೊರಬಿದ್ದಾಗ ‘ಡಬ್ಲ್ಯುಎಚ್‌ಒ ಪ್ರಮಾಣಪತ್ರ ಇತ್ತಲ್ಲ’ ಎಂದು ಬರೆದರೆ, ಉತ್ತರ ಹೇಳಬೇಕಾದ ಸ್ಥಳೀಯ ಅಧಿಕಾರಿ ಆ ಮೂರಕ್ಷರದ ಹಿಂದೆ ಆರಾಮಾಗಿ ಅವಿತುಕೊಳ್ಳುತ್ತಾನೆ.

ಭೇದಿಯಾದವರಿಗೆ ಕುಡಿಸುವ ಓಆರ್‌ಎಸ್ ದ್ರಾವಣದ ಕಥೆ ಇನ್ನೂ ವಿಚಿತ್ರ. ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್: ಸಂಸ್ಥೆ ಮತ್ತು ಯುನಿಸೆಫ್ ಶಿಫಾರಸು ಮಾಡಿರುವ ಈಗಿನ ಸೂತ್ರ ಇದು. ನಮ್ಮ ಮಾರುಕಟ್ಟೆಗೆ ಓಆರ್‌ಎಸ್ ಎಂಬ ಅಕ್ಷರ ಹೊತ್ತ ಸಿಹಿ ಪಾನೀಯಗಳು ಬಂದವು, ಔಷಧಿ ಅಂಗಡಿಯಲ್ಲೇ ಕೂತವು. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಇದು ಡಬ್ಲ್ಯುಎಚ್‌ಒ ಶಿಫಾರಸಿನ ಓಆರ್‌ಎಸ್ ಅಲ್ಲ ಎಂಬ ಎಚ್ಚರಿಕೆ ಮುದ್ರಿಸಿದರೆ ಆ ಹೆಸರನ್ನು ಇಟ್ಟುಕೊಳ್ಳಬಹುದು ಎಂದಿತು. ಭೇದಿಯಿಂದ ಬಳಲುವ ಮಗುವನ್ನು ಎತ್ತಿಕೊಂಡು ರಾತ್ರಿ ಅಂಗಡಿಗೆ ಬಂದ ತಾಯಿ, ಪೊಟ್ಟಣದ ಮೇಲೆ ಓಆರ್‌ಎಸ್ ಎಂದಿದೆ, ಡಬ್ಲ್ಯುಎಚ್‌ಒ ಎಂದೂ ಇದೆ ಎಂದು ನೋಡುತ್ತಾಳೆ. ‘ಅಲ್ಲ’ ಎಂಬ ಪದ ಅವಳ ಕಣ್ಣಿಗೆ ಬೀಳುವುದು ಯಾವಾಗ? ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹಟ ಹಿಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಈ ಮೂರಕ್ಷರಗಳನ್ನು ನಿರಾಕರಣೆಯ ವಾಕ್ಯದಲ್ಲಿಟ್ಟೂ ದುಡಿಸಿಕೊಳ್ಳಬಹುದು ಎಂದು ಆ ಪೊಟ್ಟಣಗಳು ತೋರಿಸಿದವು.

ಆಸ್ಪತ್ರೆ, ಕಾಲೇಜುಗಳ ವಿಷಯವೂ ಹೀಗೆಯೇ. ಸಂಸ್ಥೆಯ ಮಹಾನಿರ್ದೇಶಕರು ಕೆಲವು ಸಂಶೋಧನಾ ಕೇಂದ್ರಗಳನ್ನು ‘ಸಹಯೋಗ ಕೇಂದ್ರ’ ಎಂದು ಒಂದು ಅವಧಿಗೆ ಗುರುತಿಸುತ್ತಾರೆ. ನಮ್ಮ ನಿಮ್ಹಾನ್ಸ್‌ಗೆ ಆ ಮಾನ್ಯತೆ ಸಿಕ್ಕಿದೆ. ಅಷ್ಟಕ್ಕೇ ಅದು ಡಬ್ಲ್ಯುಎಚ್‌ಒ ಆಸ್ಪತ್ರೆ ಆಗುವುದಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದಾಗ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ ನೆರವು ಕೊಟ್ಟವು. ಆ ದಶಕದಲ್ಲಿ ಭಾರತದ ಕ್ಷಯ ನಿಯಂತ್ರಣ ಕೆಲಸದ ಜೊತೆ ವರ್ಷಗಟ್ಟಲೆ ದುಡಿದ ಡೆನ್ಮಾರ್ಕಿನ ವೈದ್ಯ ಹಾಲ್ಫ್‌ಡನ್ ಮಾಹ್ಲರ್, 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರೇ ಆದರು. ಇಷ್ಟು ನಂಟಿದ್ದರೂ ಬಳ್ಳಾರಿ ರಸ್ತೆಯದು ಭಾರತ ಸರ್ಕಾರದ ಸಂಸ್ಥೆ. ಅಲ್ಲಿ ಆದ ಒಳ್ಳೆಯ ಕೆಲಸದ ಕೀರ್ತಿ ಅದಕ್ಕೇ ಸೇರಬೇಕು.

ಕಾನೂನನ್ನೂ ಹೇಳಿಬಿಡುತ್ತೇನೆ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ನಮ್ಮ ಕೇಂದ್ರ ಕಾಯ್ದೆಯ ಅನುಸೂಚಿಯಲ್ಲಿ, ರಾಷ್ಟ್ರಧ್ವಜದ ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಹೆಸರು, ಲಾಂಛನ, ಮುದ್ರೆಗಳೂ ಇವೆ. ವ್ಯಾಪಾರಕ್ಕೆ ಅವನ್ನು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಬಳಸುವಂತಿಲ್ಲ. ಕಾಯ್ದೆ ಬರೆದಾಗ ಇಟ್ಟ ದಂಡ ಹೆಚ್ಚೆಂದರೆ 500 ರೂಪಾಯಿ. 1950ರಲ್ಲಿ ಅದು ದೊಡ್ಡ ಮೊತ್ತವೇ. ಕೋಲಿಗೆ ಸುತ್ತಿದ ಒಂಟಿ ಹಾವಿನ ಆ ಲಾಂಛನ 1948ರ ಮೊದಲ ವಿಶ್ವ ಆರೋಗ್ಯ ಸಭೆ ಆರಿಸಿದ್ದು. ಅದನ್ನು ಬಳಸಲು ಮಹಾನಿರ್ದೇಶಕರ ಒಪ್ಪಿಗೆ ಬೇಕು. ಕಾಲೇಜಿನ ವಿಶ್ವ ಆರೋಗ್ಯ ದಿನದ ಬ್ಯಾನರಿಗೆ ಅದನ್ನು ಅಂಟಿಸುವ ಮುನ್ನ ಇದು ನೆನಪಿರಲಿ.

ಕೊನೆಗೆ, ನಿಮ್ಮಲ್ಲಿ ಕೆಲವರು ಮಾಡಬಹುದಾದ, ಮಾಡಲೇಬೇಕಾದ ಒಂದು ಕೆಲಸದ ಬಗ್ಗೆ. ಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರೇಬಿಕ್, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಅದರ ಕೈಪಿಡಿಗಳನ್ನು ಕನ್ನಡಕ್ಕೆ ತರಬೇಕಾದವರು ನಾವೇ. ಅದಕ್ಕೆ ದಾರಿ ಸುಲಭವಾಗಿದೆ. 2016ರ ಕೊನೆಯಿಂದ ಸಂಸ್ಥೆ ತನ್ನ ಬಹುಪಾಲು ಪ್ರಕಟಣೆಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹೊರತರುತ್ತಿದೆ. ಲಾಭಕ್ಕಲ್ಲದೆ ಅನುವಾದಿಸಲು ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಅನುವಾದವನ್ನೂ ಅದೇ ಪರವಾನಗಿಯಡಿ ಬಿಡಬೇಕು, ಮುಖಪುಟದಲ್ಲಿ ಸಂಸ್ಥೆಯ ಲಾಂಛನ ಹಾಕಬಾರದು, ಒಳಗೆ ಒಂದು ಹೇಳಿಕೆ ಮುದ್ರಿಸಬೇಕು. ಈ ಅನುವಾದ ಮಾಡಿದ್ದು ವಿಶ್ವ ಆರೋಗ್ಯ ಸಂಸ್ಥೆ ಅಲ್ಲ, ಇದರ ಸರಿತಪ್ಪುಗಳಿಗೆ ಅದು ಹೊಣೆಯಲ್ಲ, ಇಂಗ್ಲಿಷ್ ಮೂಲವೇ ಅಧಿಕೃತ ಎಂಬುದು ಅದರ ತಾತ್ಪರ್ಯ. ಅದರ ಕೆಳಗೆ ಅನುವಾದಕರ ಹೆಸರು, ಊರು, ವರ್ಷ ಹಾಕಿ. ಆ ಹೇಳಿಕೆಯಲ್ಲಿ ಸಂಸ್ಥೆಯ ಇಂಗ್ಲಿಷ್ ಹೆಸರು ಪೂರ್ತಿಯಾಗಿ ಬರುತ್ತದೆ, ಅಲ್ಲಿ ‘ಝಡ್’ ಮರೆಯಬೇಡಿ.